ದಯವಿಟ್ಟು ಸಭ್ಯ ಪದ ಬಳಸಿ

4 ನವೆಂಬರ್ 2025, ಮಂಗಳವಾರ

ನಮ್ಮ ಬಡಾವಣೆಗೆ ಹೊಸ ಆ್ಯಪ್ ಬಂದು ಒಂದು ತಿಂಗಳಾಯಿತು. ಹಳೆಯ ವಾಟ್ಸ್ಯಾಪ್ ಗುಂಪಿನಲ್ಲಿ ಕಾರು ನಿಲ್ಲಿಸುವ ಜಾಗಕ್ಕಾಗಿ ಇಬ್ಬರು ಗಂಡಸರು ಒಬ್ಬರ ತಾಯಿ ತಂಗಿಯರನ್ನು ಇನ್ನೊಬ್ಬರು ಎಳೆದು ತಂದು ಬೈದಾಡಿದ ಮೇಲೆ, ನಿವಾಸಿಗಳ ಸಂಘದ ಕಾರ್ಯದರ್ಶಿ ಸೋಮಶೇಖರ್ ಅದನ್ನು ಮುಚ್ಚಿಸಿ ಇದನ್ನು ತಂದರು. ಹೆಸರು ‘ನಮ್ಮ ನೆರೆ’. ಅದರ ಚರ್ಚೆಯಲ್ಲಿ ಯಾರಾದರೂ ಕೆಟ್ಟ ಮಾತು ಬರೆದರೆ ಆ್ಯಪ್ ತಾನೇ ಹಿಡಿದು ನುಂಗಿಬಿಡುತ್ತದೆ. ಬರೆದವರಿಗೆ ಮಾತ್ರ ‘ದಯವಿಟ್ಟು ಸಭ್ಯ ಪದ ಬಳಸಿ’ ಎಂದು ಕೆಂಪಕ್ಷರದಲ್ಲಿ ತೋರಿಸುತ್ತದೆ. ಮೂರು ಸಲ ತಪ್ಪಿದರೆ ಹದಿನೈದು ದಿನ ಬಾಯಿಗೆ ಬೀಗ. ಸಾಮಾನ್ಯ ಸಭೆಯಲ್ಲಿ ಯಾವ ವಿಷಯ ಎತ್ತಬೇಕಾದರೂ ಅದು ಮೊದಲು ಈ ಚರ್ಚೆಯಲ್ಲಿ ಬಂದಿರಬೇಕು ಎಂಬುದೂ ನಿಯಮ. ಇದಕ್ಕೆಲ್ಲ ಕೈ ಎತ್ತಿ ಒಪ್ಪಿದವರಲ್ಲಿ ನಾನೂ ಒಬ್ಬಳು. ಬಿಳಿಗೆರೆ ಕಡೆಯ ಸರ್ಕಾರಿ ಶಾಲೆಯಲ್ಲಿ ಮೂರನೇ ಕ್ಲಾಸಿನ ಮಕ್ಕಳ ಬಾಯಿ ತಿದ್ದುವುದರಲ್ಲೇ ನನ್ನ ಆಯಸ್ಸು ಸವೆಯುತ್ತಿದೆ. ದೊಡ್ಡವರ ಬಾಯನ್ನು ಒಂದು ಯಂತ್ರ ತಿದ್ದಿದರೆ ನನಗೇನು ಬೇಜಾರು.

ಇವತ್ತು ಅದು ನನ್ನನ್ನೇ ಹಿಡಿಯಿತು.

ಊರ ಹೊರಗಿರುವ ನಮಗೆ ಒಳಚರಂಡಿ ಇನ್ನೂ ಬಂದಿಲ್ಲ. ಎಲ್ಲ ಮನೆಗಳ ಕಕ್ಕಸಿನದ್ದೂ ಪಾರ್ಕಿನ ಮೂಲೆಯ ಒಂದು ದೊಡ್ಡ ಗುಂಡಿಗೆ ಹೋಗುತ್ತದೆ. ಅದು ಈಗ ತುಂಬಿದೆ. ಬೆಳಿಗ್ಗೆ ನೋಟಿಸು ಬಂದಿತ್ತು: ‘ದಿನಾಂಕ 30ರ ಭಾನುವಾರ ಟ್ಯಾಂಕ್ ಸ್ವಚ್ಛತಾ ಕಾರ್ಯ. ಎಲ್ಲರೂ ಸಹಕರಿಸಿ.’ ಪಕ್ಕದಲ್ಲಿ ಕೈ ಮುಗಿದ ಚಿತ್ರ. ಸಂಜೆ ಗೇಟಿನ ಬಳಿ ಸೋಮಶೇಖರ್ ಸಿಕ್ಕಾಗ, ಯಂತ್ರ ಬರುತ್ತದಾ ಸರ್ ಎಂದು ಕೇಳಿದೆ.

“ಯಂತ್ರ ಮೇಲಿನ ನೀರು ಎಳ್ಕೊಳ್ಳುತ್ತೆ ಮೇಡಂ. ತಳದ್ದು ಗಟ್ಟಿ ಆಗಿಬಿಟ್ಟಿದೆ. ಮೇಸ್ತ್ರಿ ಬೋರಯ್ಯ ಇಬ್ಬರನ್ನ ಇಳಿಸ್ತಾನಂತೆ. ಒಂದು ಬೆಳಿಗ್ಗೆ ಕೆಲಸ ಅಷ್ಟೆ.”

ಮನೆಗೆ ಬಂದು ಬ್ಯಾಗು ಕೂಡ ಇಳಿಸದೆ ಬರೆದೆ. ಮಲದ ಗುಂಡಿಗೆ ಮನುಷ್ಯರನ್ನು ಇಳಿಸುವುದು ತಪ್ಪು, ಪ್ರಾಣಕ್ಕೆ ಅಪಾಯ, ಎಷ್ಟು ದಿನ ಹಿಡಿದರೂ ಯಂತ್ರದಿಂದಲೇ ಮಾಡಿಸಿ ಎಂದು. ಕೆಂಪಕ್ಷರ ಬಂತು. ನಾನು ಬರೆದದ್ದು ಪಠ್ಯಪುಸ್ತಕದ ಪದ. ನಮ್ಮವ್ವನ ಬಾಯಲ್ಲಿ ಎದ್ದರೆ ಬಿದ್ದರೆ ಬರುವ ಆ ಹೇ... ಅಲ್ಲ. ಅದನ್ನು ನಾನು ಇಲ್ಲಿ ಕೂಡ ಬರೆಯುವವಳಲ್ಲ.

5 ನವೆಂಬರ್

ಬುದ್ಧಿವಂತೆಯ ಹಾಗೆ ತಿದ್ದಿ ಬರೆದೆ: ‘ಟ್ಯಾಂಕ್ ಸ್ವಚ್ಛತೆಗೆ ಯಂತ್ರದ ಬಳಕೆಯನ್ನು ದಯವಿಟ್ಟು ಪರಿಶೀಲಿಸಿ.’ ತಕ್ಷಣ ಹೋಯಿತು. ಸಾಲುಸಾಲು ಹೆಬ್ಬೆಟ್ಟು ಬಿದ್ದವು. ಪಕ್ಕದ ಮನೆಯ ಆಶಾರಾಣಿ ಗುಲಾಬಿ ಚಿತ್ರ ಕಳಿಸಿದರು. ಇನ್ನೊಬ್ಬರು ‘ಉತ್ತಮ ಸಲಹೆ’ ಎಂದರು. ಅಲ್ಲಿಗೆ ಮುಗಿಯಿತು. ನಾನೇ ಇನ್ನೊಮ್ಮೆ ಓದಿಕೊಂಡೆ. ಯಾರದೋ ಮನೆಯ ಕುಡಿಯುವ ನೀರಿನ ತೊಟ್ಟಿ ತೊಳೆಯುವ ಹಾಗಿತ್ತು.

ಸಂಜೆ ಕೊನೆಯ ಸಾಲಿನ ಮನೆಯ ಯಜಮಾನರು ಉತ್ತರ ಬರೆದಿದ್ದರು: ‘ಚಿಂತೆ ಬೇಡ ಮೇಡಂ. ಅವರಿಗೆ ತಲತಲಾಂತರದಿಂದ ಅಭ್ಯಾಸವಿರುತ್ತದೆ. ಪಾಪ, ಅವರ ಅನ್ನಕ್ಕೆ ನಾವು ಕಲ್ಲು ಹಾಕಬಾರದು.’ ಆ್ಯಪ್ ಇದರ ಒಂದಕ್ಷರವನ್ನೂ ಮುಟ್ಟಲಿಲ್ಲ. ಮುಟ್ಟುವಂಥ ಪದ ಅದರಲ್ಲಿ ಯಾವುದಿದೆ? ಮೈಯೆಲ್ಲ ಉರಿದುಹೋಯಿತು. ‘ಅವರಿಗೆ’ ಎಂದರೆ ಯಾರಿಗೆ ಎಂದು ಟೈಪು ಮಾಡಿದವಳು ಅಳಿಸಿಬಿಟ್ಟೆ.

ಇಲ್ಲಿ ಮನೆ ಕಟ್ಟಿ ಇಷ್ಟು ದಿನವಾದರೂ ನಮ್ಮನ್ನು ಯಾರೂ ನೇರವಾಗಿ ಕೇಳಿಲ್ಲ, ನಾವೂ ಹೇಳಿಲ್ಲ. ಯಾವ ಕಡೆಯವರು ಎಂದರೆ ನರಸೀಪುರದ ಕಡೆ ಎನ್ನುತ್ತೇನೆ, ಮಾತು ಅಲ್ಲಿಗೆ ನಿಲ್ಲುತ್ತದೆ. ಹಾಲ್‌ನಲ್ಲಿರುವ ಬುದ್ಧನನ್ನು ನೋಡಿ ಆಶಾರಾಣಿ, ಶೋಪೀಸ್ ಎಲ್ಲಿ ತಗೊಂಡ್ರಿ ಎಂದು ಕೇಳಿದ್ದರು. ಮೈಸೂರಲ್ಲಿ ಎಂದಿದ್ದೆ.

8 ನವೆಂಬರ್, ಶನಿವಾರ

ಅಕ್ಕಿ ತೊಳೆಯುತ್ತಿದ್ದಾಗ ನರಸೀಪುರದಿಂದ ಅವ್ವನ ಫೋನು.

“ರೋಜಾ, ಬೋರಯ್ಯ ನಮ್ ಶಿವಮೂರ್ತಿಗೆ ಕೆಲ್ಸ ಯೋಳವ್ನಂತೆ ಕಣವ್ವ. ನಿಮ್ ಬಡಾವಣೆದೇ ಏಲ್‌ಗುಂಡಿಯಂತಲ್ಲ, ನಿಜ್ವಾ?”

“ಅವ್ವ, ಹಾಗೆಲ್ಲ ಫೋನಲ್ಲಿ ಜೋರಾಗಿ ಹೇಳಬೇಡ,” ಎಂದೆ. ನನ್ನ ಬಾಯಿಂದ ಮೊದಲು ಬಂದದ್ದು ಅದು.

ಶಿವಮೂರ್ತಿ ನನ್ನ ದೊಡ್ಡಪ್ಪನ ಮಗ. ದೊಡ್ಡವ್ವ ಕೂಲಿಗೆ ಹೋದರೆ ನನ್ನ ಸೊಂಟದ ಮೇಲೆ ಬೆಳೆದವನು. ದೊಡ್ಡಪ್ಪ ದೊಡ್ಡಮಾದಯ್ಯ ಹಿಂದೆ ಒಂದು ಮಿಲ್ಲಿನ ಗುಂಡಿಗೆ ಇಳಿದು ಗ್ಯಾಸಿಗೆ ತಲೆ ತಿರುಗಿ ಬಿದ್ದಿದ್ದರು. ಹಗ್ಗ ಕಟ್ಟಿ ಎಳೆದರು, ಬದುಕಿದರು, ಮೂಗು ಮಾತ್ರ ಸತ್ತುಹೋಯಿತು. ಸಾರು ಹಳಸಿದೆಯೋ ಇಲ್ಲವೋ ಇವತ್ತಿಗೂ ಅವರಿಗೆ ತಿಳಿಯುವುದಿಲ್ಲ. ದೊಡ್ಡವ್ವ ಮೂಸಿ ನೋಡಿ ಬಡಿಸುತ್ತಾಳೆ. ಆ ಮನೆಯ ಮಗ ಈಗ ನಮ್ಮ ಗುಂಡಿಗೆ ಇಳಿಯುತ್ತಾನೆ. ನಾನು ಮೇಲೆ ಕಿಟಕಿ ಮುಚ್ಚಿಕೊಂಡು ಕೂತಿರಬೇಕು.

ಗಂಡ ನಂಜೇಶ್‌ಗೆ ಹೇಳಿದೆ. ದಿನವಿಡೀ ಬಸ್ಸಿನಲ್ಲಿ ಟಿಕೆಟು ಹರಿದು ಬಂದಿದ್ದರು. ಶೂ ಬಿಚ್ಚುತ್ತ, “ನೋಡೋಣ, ಇನ್ನೂ ಟೈಮಿದೆಯಲ್ಲ,” ಎಂದರು.

10 ನವೆಂಬರ್

ಕಾನೂನಿನ ಹೆಸರನ್ನೇ ಹಾಕಿದರೆ ಯಾರು ತಾನೇ ಮಿಸುಕುತ್ತಾರೆ ಎಂದುಕೊಂಡೆ. ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ ಕಾಯ್ದೆ ಹೀಗಿದೆ, ಶಿಕ್ಷೆ ಹೀಗಿದೆ, ಮನೆಯವರೂ ಮೇಸ್ತ್ರಿಯೂ ಇಬ್ಬರೂ ಸಿಕ್ಕಿಬೀಳುತ್ತಾರೆ ಎಂದು ವಿವರವಾಗಿ ಬರೆದೆ. ಕೆಂಪಕ್ಷರ. ಪಾರ್ಲಿಮೆಂಟಿನಲ್ಲಿ ಪಾಸು ಮಾಡಿದ ಕಾಯ್ದೆ ನಮ್ಮ ಬಡಾವಣೆಗೆ ಅಸಭ್ಯ.

ಆ್ಯಪ್ ನೋಡಿಕೊಳ್ಳುವ ಎರಡನೇ ಸಾಲಿನ ಕಿರಣ್‌ಗೆ ಫೋನು ಮಾಡಿದೆ.

“ಅದು ಆಟೋಮ್ಯಾಟಿಕ್ ಮೇಡಂ. ಕಂಪನಿಯವರು ಪದಗಳನ್ನ ತುಂಬಿರ್ತಾರೆ. ನಮ್ ಕೈಲಿ ಏನೂ ಇಲ್ಲ. ನೀವು ವೇಸ್ಟ್ ಅಂತ ಹಾಕಿಬಿಡಿ, ಹೋಗುತ್ತೆ.”

“ಯಾವ ವೇಸ್ಟು ಕಿರಣ್? ತರಕಾರಿ ಸಿಪ್ಪೆನಾ?”

ಅವರು ನಕ್ಕರು. “ಇದು ಎರಡನೇ ಸಲ ಮೇಡಂ, ಹುಷಾರು,” ಎಂದರು.

12 ನವೆಂಬರ್

ನಗು ಬರುತ್ತಿದೆ, ಬರೆದುಬಿಡುತ್ತೇನೆ. ಕ್ಲಾಸಿನಲ್ಲಿ ಒಂದು ಹುಡುಗಿ ಎರಡು ಬೆರಳೆತ್ತಿ “ಮಿಸ್, ಎರಡಕ್ಕೆ” ಎಂದಳು. ತಲೆಯಲ್ಲಿ ದೀಪ ಹತ್ತಿತು. ಮಧ್ಯಾಹ್ನದ ಬಿಡುವಿನಲ್ಲೇ ಬರೆದೆ: ‘ನಾವೆಲ್ಲ ಮೂರು ವರ್ಷದಿಂದ ಎರಡಕ್ಕೆ ಹೋಗಿರುವುದೆಲ್ಲ ಆ ಗುಂಡಿಯಲ್ಲಿದೆ. ಅದರೊಳಗೆ ಇಬ್ಬರನ್ನು ಇಳಿಸುತ್ತಿದ್ದೇವೆ.’ ಆ್ಯಪ್‌ಗೆ ಕನ್ನಡ ಶಾಲೆಯ ಗುಟ್ಟು ಗೊತ್ತಿರಲಿಲ್ಲ. ಹೋಯಿತು.

ಆದರೆ ಬಡಾವಣೆಯವರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಾರೆ. ಕಣ್ಣೀರು ಸುರಿಸಿ ನಗುವ ಮುಖಗಳು ಸಾಲಾಗಿ ಬಿದ್ದವು. ‘ಟೀಚರ್ ತಮಾಷೆ ಸೂಪರ್’ ಎಂದು ಒಬ್ಬರು. ನಮ್ಮ ಮನೆಯವರದ್ದು ಹೆಚ್ಚೋ ನಿಮ್ಮದೋ ಎಂದು ಇನ್ನಿಬ್ಬರು ಚರ್ಚೆಗೆ ಬಿದ್ದರು. ಇಳಿಯುವವರ ಬಗ್ಗೆ ಒಂದು ಸಾಲಿಲ್ಲ. ಮೊದಲು ನಾನೂ ನಕ್ಕೆ. ಆಮೇಲೆ ಫೋನು ಮಗುಚಿಟ್ಟೆ.

14 ನವೆಂಬರ್

ಮಕ್ಕಳ ದಿನಾಚರಣೆಗೆ ಬಲೂನು ಊದಿ ಊದಿ ಸುಸ್ತಾಗಿ ಬಂದರೆ ಚರ್ಚೆಯಲ್ಲಿ ಆಶಾರಾಣಿಯವರ ಹೊಸ ಜಾಹೀರಾತು. ಗೋಮೂತ್ರದ ಫಿನಾಯಿಲ್ ಮಾರುತ್ತಾರಂತೆ. ಆ ಪದ ಹೇಗೆ ಹೋಯಿತು ಎಂದು ಕಾಂಪೌಂಡಿನ ಮೇಲಿಂದಲೇ ಕೇಳಿದೆ.

“ಮೊದ್ಲು ನುಂಗಿಬಿಡ್ತು ಕಣ್ರೀ. ಕಿರಣ್‌ಗೆ ಹೇಳಿದೆ, ಅರ್ಧ ಗಂಟೇಲಿ ಸರಿ ಮಾಡಿಕೊಟ್ರು. ಒಳ್ಳೆ ಹುಡುಗ.”

ಅಂದರೆ ಬೀಗದ ಕೈ ಇಲ್ಲೇ ಇದೆ. ಕಿರಣ್ ಮನೆಗೇ ಹೋದೆ. “ಅದು ದೇವರ ವಿಷಯ ಮೇಡಂ, ಬೇರೆ. ನಿಮ್ಮದು ತೆಗೆದರೆ ಸೋಮಶೇಖರ್ ಸರ್ ಬೈತಾರೆ,” ಎಂದರು. ಆಟೋಮ್ಯಾಟಿಕ್ ಎಂದಿದ್ದಿರಲ್ಲ ಎಂದೆ. ಅವರು ಚಾರ್ಜರ್ ವೈರನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತರು.

ಮನೆಗೆ ಬಂದು ಬರೆದೆ. ಈ ಸಲ ಯಾವ ನಯವೂ ಇಲ್ಲ. ‘ಅದು ಟ್ಯಾಂಕಲ್ಲ, ಹೇಲುಗುಂಡಿ. ಅದರಲ್ಲಿ ಇರುವುದು ಹೇಲು. ಇಳಿಯುವವನು ಮನುಷ್ಯ.’ ನುಂಗುತ್ತದೆ ಎಂದು ಗೊತ್ತಿದ್ದೇ ಬರೆದೆ. ನುಂಗಿತು. ಹದಿನೈದು ದಿನ ನನ್ನ ಬಾಯಿ ಬಂದ್. ಸಭೆ ಇಪ್ಪತ್ತಮೂರಕ್ಕೆ. ಹೋದ ಎರಡು ಸಂದೇಶಗಳು ಸಲಹೆ, ತಮಾಷೆ ಎಂದು ಲೆಕ್ಕವಾದವು; ಇಳಿಸಬಾರದು ಎಂಬ ವಿಷಯ ಚರ್ಚೆಯಲ್ಲಿ ಬಂದಿಲ್ಲ, ಆದ್ದರಿಂದ ಸಭೆಗೂ ಬರುವುದಿಲ್ಲ. ಅಚ್ಚುಕಟ್ಟಾದ ವ್ಯವಸ್ಥೆ. ಕಟ್ಟಿದವರಲ್ಲಿ ನನ್ನ ಕೈಯೂ ಇದೆ.

16 ನವೆಂಬರ್, ಭಾನುವಾರ

ನರಸೀಪುರಕ್ಕೆ ಹೋಗಿದ್ದೆ. ಶಿವಮೂರ್ತಿ ಜಗುಲಿಯಲ್ಲಿ ಕೂತು ಹಗ್ಗಕ್ಕೆ ಗಂಟು ಹಾಕುತ್ತಿದ್ದ. ಕಾಯ್ದೆ, ಗ್ಯಾಸು, ದೊಡ್ಡಪ್ಪನ ಮೂಗು, ಎಲ್ಲವನ್ನೂ ಹೇಳಿದೆ. ಒಳಗಿನಿಂದ ದೊಡ್ಡಪ್ಪ ಕೆಮ್ಮುವುದು ಕೇಳುತ್ತಿತ್ತು. ಅವನು ತಲೆ ಎತ್ತದೆ ಕೇಳಿಸಿಕೊಂಡ.

“ಅಕ್ಕ, ಗ್ಯಾಸಿನ್ ಇಸ್ಯ ನಂಗೆ ನೀನ್ ಯೋಳ್ಬೇಕಾ? ಬ್ಯಾಡ ಅಂದ್ರೆ ಬೋರಯ್ಯ ಇನ್ಯಾವ್ ಕೆಲ್ಸಕ್ಕೂ ಕರ್ಯಾಕಿಲ್ಲ.” ಗಂಟು ಬಿಗಿ ಮಾಡುತ್ತ ಅಂದ, “ನಿನ್ ಬಡಾವಣೆ ಅಂತ ಗೊತ್ತಿದ್ದೇ ಒಪ್ಕಂಡೆ. ನಿಂಗೆ ಅಲ್ಲಿ ಎಸ್ರು ಕೆಡ್ತದೆ ಅನ್ನಾದಾದ್ರೆ ಎದ್ರುಕಬ್ಯಾಡ. ನಿನ್ ಕಡೆ ತಿರ್ಗೂ ನೋಡಾಕಿಲ್ಲ. ನೀರೂ ಕೇಳಾಕಿಲ್ಲ.”

ಅವ್ವ ಊಟಕ್ಕೆ ಕರೆದಳು. ಹಸಿವಿಲ್ಲ ಎಂದು ಬಸ್ಸು ಹತ್ತಿಬಿಟ್ಟೆ.

17 ನವೆಂಬರ್

ನೀರೂ ಕೇಳುವುದಿಲ್ಲವಂತೆ.

23 ನವೆಂಬರ್, ಭಾನುವಾರ

ಪಾರ್ಕಿನಲ್ಲಿ ಸಾಮಾನ್ಯ ಸಭೆ. ಪ್ಲಾಸ್ಟಿಕ್ ಕುರ್ಚಿ, ತಟ್ಟೆ ಇಡ್ಲಿ, ಕಾಫಿ. ಗುಂಡಿಯ ಮುಚ್ಚಳ ಕಣ್ಣಳತೆಯಲ್ಲೇ ಇತ್ತು. ಗೇಟಿಗೆ ಯಾವ ಬಣ್ಣ ಹೊಡೆಯಬೇಕು ಎಂಬುದರ ಮೇಲೆ ಬಹಳ ಹೊತ್ತು ಮಾತಾಯಿತು. ಹಸಿರು ಗೆದ್ದಿತು. ಆಮೇಲೆ ನಾನು ಎದ್ದೆ.

“ಆ್ಯಪ್‌ನಲ್ಲಿ ಬಂದಿರದ ವಿಷಯ ತಗೊಳೋಕೆ ಬರಲ್ಲ ಮೇಡಂ,” ಎಂದರು ಸೋಮಶೇಖರ್.

“ಬರೆದಿದ್ದೆ ಸರ್. ನುಂಗಿತು.”

“ಭಾಷೆ ಸರಿ ಇದ್ದಿದ್ರೆ ಯಾಕೆ ನುಂಗುತ್ತೆ? ನೀವು ಟೀಚರ್ ಬೇರೆ.”

“ಹೇಲು ಅಂತ ಬರೆದೆ ಸರ್. ಈಗಲೂ ಅದನ್ನೇ ಅಂತೀನಿ. ಅಲ್ಲಿರೋದು ನಿಮ್ಮ ಹೇಲು, ನಮ್ಮ ಮನೆಯವರ ಹೇಲು. ಒಬ್ಬ ಮನುಷ್ಯನ್ನ ಕುತ್ತಿಗೆವರೆಗೆ ಅದರಲ್ಲಿ ಇಳಿಸೋಕೆ ನಿಮಗೆ ಸಂಕೋಚ ಇಲ್ಲ. ನಾನು ಬಾಯಲ್ಲಿ ಅಂದಿದ್ದಕ್ಕೆ ಸಂಕೋಚ.”

ಒಬ್ಬಾಕೆ ಮಗುವಿನ ಕಿವಿ ಮುಚ್ಚಿದಳು. ತಿನ್ನುತ್ತಿದ್ದವರು ತಟ್ಟೆ ಕೆಳಗಿಟ್ಟರು. ಇಡ್ಲಿ ತಿನ್ನೋ ಹೊತ್ತಲ್ಲಿ ಇದೇನ್ರೀ ಎಂದು ಯಾರೋ ಗೊಣಗಿದರು. ಕೊನೆಯ ಸಾಲಿನ ಯಜಮಾನರು ಮಾತ್ರ ತಣ್ಣಗೆ, “ಮೇಡಂ ಭಾವುಕರಾಗಿದ್ದಾರೆ, ಮುಂದಿನ ವಿಷಯ ತಗೊಳ್ಳಿ,” ಎಂದರು. ಸೋಮಶೇಖರ್ ಮುಂದಿನ ವಿಷಯ ತೆಗೆದುಕೊಂಡರು. ಬೀದಿನಾಯಿ.

ಮನೆಯಲ್ಲಿ ನಂಜೇಶ್, “ನಾಳೆ ಇವರ ಮಧ್ಯೇನೇ ಬಾಳ್ಬೇಕಲ್ಲ ರೋಜಾ,” ಎಂದರು. ಬಾಳೋಣ, ಯಾರು ಬೇಡ ಅಂದ್ರು, ಎಂದೆ.

27 ನವೆಂಬರ್

ಮೂರು ದಿನದಿಂದ ಸಂಜೆ ಮನೆಮನೆಗೆ ಹೋಗುತ್ತಿದ್ದೇನೆ. ಬಾಗಿಲು ತಟ್ಟುವುದಕ್ಕೆ ಯಾವ ಆ್ಯಪೂ ಅಡ್ಡ ಬರುವುದಿಲ್ಲ. ಹೇಲುಗುಂಡಿ ವಿಷಯ ಮಾತಾಡಬೇಕಿತ್ತು ಎಂದು ಶುರು ಮಾಡಿದರೆ ಕೆಲವರು ಅರ್ಧ ಬಾಗಿಲಲ್ಲೇ ನಿಲ್ಲಿಸುತ್ತಾರೆ. ಕೆಲವರು ಕೂರಿಸಿ ಕೇಳಿದರು. ನಾಲ್ಕೈದು ಮನೆಯವರು ನೀವು ಹೇಳೋದು ಸರಿ ಎಂದರು. ಆದರೆ ನಮ್ಮ ಹೆಸರು ಹೇಳಬೇಡಿ ಎಂದೂ ಅಂದರು.

ಆಶಾರಾಣಿ ಸೊಳ್ಳೆ ಜಾಲರಿಯ ಬಾಗಿಲು ತೆಗೆಯಲೇ ಇಲ್ಲ. “ನಿಮಗ್ಯಾಕೆ ಇಷ್ಟು ಉರಿ ಕಣ್ರೀ? ಆ ಕೆಲಸದವರು ನಿಮಗೇನಾಗಬೇಕು?” ಎಂದರು.

ಬಾಯಿ ತೆರೆದೆ. ಮುಚ್ಚಿಕೊಂಡು ಮನೆಗೆ ಬಂದೆ. ಯಾವ ಯಂತ್ರವೂ ನುಂಗಲಿಲ್ಲ ಅದನ್ನು, ನಾನೇ ನುಂಗಿದ್ದು.

30 ನವೆಂಬರ್, ಭಾನುವಾರ

ಬೆಳಿಗ್ಗೆ ಎದ್ದವಳೇ ಅಡುಗೆಮನೆಯ ಕುರ್ಚಿ ಎತ್ತಿಕೊಂಡು ಹೋಗಿ ಗುಂಡಿಯ ಮುಚ್ಚಳದ ಮೇಲೆ ಹಾಕಿಕೊಂಡು ಕೂತೆ. ನಂಜೇಶ್ ನೈಟ್ ಡ್ಯೂಟಿಯಿಂದ ಇನ್ನೂ ಬಂದಿರಲಿಲ್ಲ. ಬೋರಯ್ಯನ ಗಾಡಿ ಬಂತು. ಹಿಂದೆ ಶಿವಮೂರ್ತಿ, ಅವನ ಜೊತೆ ಇನ್ನೊಬ್ಬ. ಚಡ್ಡಿ, ಹೆಗಲ ಮೇಲೆ ಹಗ್ಗ. ಹೇಳಿದ ಹಾಗೆ ಶಿವು ನನ್ನ ಕಡೆ ತಿರುಗಿಯೂ ನೋಡಲಿಲ್ಲ.

“ಏಳಿ ಅಮ್ಮ, ಬಿಸ್ಲು ಏರಕ್ ಮುಂಚೆ ಮುಗಿಸ್ಬೇಕು,” ಎಂದ ಬೋರಯ್ಯ.

“ಏಳಲ್ಲ.”

ಸೋಮಶೇಖರ್ ವಾಕಿಂಗ್ ಶೂನಲ್ಲೇ ಓಡಿ ಬಂದರು. ಒಬ್ಬೊಬ್ಬರಾಗಿ ಜನ ಸೇರಿದರು. ಫೋನೆತ್ತಿ ವಿಡಿಯೋ ಮಾಡಿದವರೂ ಇದ್ದರು. ಮುಚ್ಚಳ ಎತ್ತಿದರೆ ಪೊಲೀಸರಿಗೆ ಫೋನ್ ಮಾಡ್ತೀನಿ, ಅವರ ಹತ್ರ ಕಾಯ್ದೆಯ ಹೆಸರು ಹೇಳಿದ್ರೆ ಯಾರೂ ನುಂಗಲ್ಲ, ಎಂದೆ.

ಬೋರಯ್ಯನಿಗೆ ರೇಗಿತು. “ಇಳ್ಯೋನು ಇಳೀತೀನಿ ಅಂತಾನೆ, ನಿಮ್ಗೇನಮ್ಮ ಕಷ್ಟ? ಇವ್ನು ನಿಮ್ಗೇನಾಗ್ಬೇಕು?”

ನಾನು ಉತ್ತರ ಕೊಡುವ ಮೊದಲೇ ಶಿವು, “ಏನೂ ಆಗ್ಬೇಕಿಲ್ಲ ಸಾ. ಯಾರೋ ಏನೋ,” ಎಂದ. ನೆಲ ನೋಡಿಕೊಂಡೇ ಅಂದ. ನನ್ನ ಮಾನ ಕಾಯುತ್ತಿದ್ದ ಅವನು. ಅದನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ.

“ನನ್ನ ತಮ್ಮ,” ಎಂದೆ. “ಇವರಪ್ಪ ದೊಡ್ಡಮಾದಯ್ಯ, ನಮ್ಮಪ್ಪನ ಒಡಹುಟ್ಟಿದ ಅಣ್ಣ. ನರಸೀಪುರದಲ್ಲಿ ನಮ್ಮದು ಒಂದೇ ಕೇರಿ, ಒಂದೇ ಅಂಗಳ. ಇವನ ಕುಂಡಿ ತೊಳೆದು ಬೆಳೆಸಿದವಳು ನಾನು. ಇವತ್ತು ಇವನು ನಿಮ್ಮ ಹೇಲಿಗೆ ಇಳಿಯಲ್ಲ. ನಾಳೆ ಇನ್ನೊಬ್ಬರ ತಮ್ಮನ್ನ ತಂದ್ರೂ ನಾನು ಇಲ್ಲೇ ಇರ್ತೀನಿ.”

ಆಶಾರಾಣಿ ಸೆರಗು ಸರಿಮಾಡಿಕೊಂಡು ಎರಡು ಹೆಜ್ಜೆ ಹಿಂದೆ ಸರಿದರು. ಕೊನೆಯ ಸಾಲಿನ ಯಜಮಾನರು ಫೋನಿನಲ್ಲಿ ಏನೋ ಹುಡುಕತೊಡಗಿದರು. ಶಿವುವಿನ ಕಣ್ಣು ಕೆಂಪಾಗಿತ್ತು. “ಯಾಕಕ್ಕ ಎಲ್ರುಗೂ ಯೋಳ್ದೆ,” ಎಂದ. ಸಿಟ್ಟೋ ಅಳುವೋ ನನಗೆ ತಿಳಿಯಲಿಲ್ಲ.

ಆ ಹೊತ್ತಿಗೆ ನಂಜೇಶ್ ಬಂದರು, ಖಾಕಿಯಲ್ಲೇ. ಗುಂಪನ್ನು ನೋಡಿದರು, ನನ್ನನ್ನು ನೋಡಿದರು. ಮನೆಗೆ ಹೋಗಿ ಇನ್ನೆರಡು ಕುರ್ಚಿ ತಂದರು. ಒಂದನ್ನು ಶಿವುಗೆ ಕೊಟ್ಟರು. ಒಂದರಲ್ಲಿ ತಾವು ಕೂತರು.

ಸೋಮಶೇಖರ್, ಬೋರಯ್ಯ ಹೊಂಗೆ ಮರದ ಕೆಳಗೆ ಹೋಗಿ ಗುಸುಗುಸು ಮಾತಾಡಿಕೊಂಡರು. ಮೈಸೂರಲ್ಲಿ ದೊಡ್ಡ ಯಂತ್ರವಿದೆ, ನೀರು ಚಿಮ್ಮಿಸಿ ಗಟ್ಟಿಯನ್ನೂ ಕರಗಿಸಿ ಎಳೆಯುತ್ತದೆ, ಆದರೆ ಎರಡು ದಿನ ಹಿಡಿಯುತ್ತದೆ ಎಂದ ಬೋರಯ್ಯ. ಮೊದಲೇ ಯಾಕೆ ಹೇಳಲಿಲ್ಲ ಎಂದು ಸೋಮಶೇಖರ್ ಅವನ ಮೇಲೆ ಹಾರಾಡಿದರು.

“ಯಾರೂ ಕೇಳ್ನಿಲ್ವಲ್ಲ ಸಾ.”

ಗಾಡಿ ವಾಪಸು ಹೋಗುವವರೆಗೂ ನಾವು ಮೂವರೂ ಏಳಲಿಲ್ಲ.

4 ಡಿಸೆಂಬರ್, ಗುರುವಾರ

ನಿನ್ನೆ, ಇವತ್ತು ಯಂತ್ರ ಕೆಲಸ ಮಾಡಿತು. ಪೈಪು ಹಿಡಿಯಲು ಜನ ಬೇಕಿತ್ತು. ಶಿವು ಕೈಗೆ ಗವಸು, ಕಾಲಿಗೆ ಬೂಟು ಹಾಕಿಕೊಂಡು ಮೇಲೆ ನಿಂತೇ ಪೈಪು ಹಿಡಿದ. ಗುಂಡಿಗೆ ಯಾರೂ ಇಳಿಯಲಿಲ್ಲ. ಬಡಾವಣೆಯೆಲ್ಲ ಗಬ್ಬು ನಾತ. ಕಿಟಕಿ ಮುಚ್ಚಿಕೊಂಡವರೆಲ್ಲ ಎರಡು ದಿನ ತಮ್ಮದನ್ನೇ ಮೂಸಿದರು. ನನಗೇನೂ ಪಾಪ ಅನ್ನಿಸಲಿಲ್ಲ.

ಆಶಾರಾಣಿ ಮಾತು ಬಿಟ್ಟಿದ್ದಾರೆ. ಕಿರಣ್ ಗೇಟಿನಲ್ಲಿ ಸಿಕ್ಕಿ, ನಿಮ್ಮ ಬೀಗ ತೆಗೆದಿದೆ ಮೇಡಂ, ಇನ್ನು ಬರೀಬಹುದು ಎಂದರು. ಬರೆಯುವುದು ಏನೂ ಇಲ್ಲ, ಇನ್ನು ಏನಿದ್ದರೂ ಬಂದು ಹೇಳುತ್ತೇನೆ ಎಂದೆ. ಮೂಲೆಮನೆಯ ಅಜ್ಜಿಯೊಬ್ಬರು ಮಾತ್ರ ಯಂತ್ರದವರಿಗೆಲ್ಲ ಮಜ್ಜಿಗೆ ತಂದುಕೊಟ್ಟರು.

ಕೆಲಸ ಮುಗಿದ ಮೇಲೆ ಶಿವು ನಮ್ಮ ಮನೆಯಲ್ಲೇ ಸ್ನಾನ ಮಾಡಿದ. ಊಟಕ್ಕೆ ಕೂತು ಎರಡು ಸಲ ಸಾರು ಹಾಕಿಸಿಕೊಂಡ. ಮೊನ್ನೆಯ ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ. ಕೈ ತೊಳೆದುಕೊಂಡು ಬಂದು ಬಾಗಿಲಲ್ಲಿ ನಿಂತ.

“ಭಾನ್ವಾರ ಇನ್ನೊಂದ್ ಕಡೆ ಕರ್ದವ್ರೆ ಅಕ್ಕ. ನರಸೀಪುರದ್ ತಾವೇ. ಅಲ್ಲಿ ಮಿಷನ್ ಇಲ್ವಂತೆ, ಇಳೀಬೇಕಂತೆ.”

“ನೀನೇನಂದೆ?”

“ಬರಾಕಿಲ್ಲ ಅಂದೆ. ಅಂಗಾರೆ ಬ್ಯಾರೇರ್ನ ಇಳಿಸ್ತೀವಿ ಅಂದ್ರು.” ಚಪ್ಪಲಿ ಮೆಟ್ಟಿಕೊಳ್ಳುತ್ತ ನನ್ನ ಮುಖ ನೋಡಿದ. “ಅವತ್ತು ಎಲ್ರು ಮುಂದೆ ಒಂದ್ ಮಾತ್ ಅಂದ್ಯಲ್ಲ, ಇನ್ನೊಬ್ಬರ ತಮ್ಮ ಬಂದ್ರೂ ಅಂತ. ಅದು ನಿನ್ ಬಡಾವಣೆಗೆ ಮಾತ್ರನಾ?”

“ಎಷ್ಟೊತ್ಗೆ ಬರಾದು ಅವ್ರು?”

“ಏಳ್ ಗಂಟ್ಗೆ.”

“ಆರಕ್ಕೇ ಬತ್ತೀನಿ ಕಣೋ,” ಎಂದೆ. “ನೀನೂ ಒಂದ್ ಕುರ್ಚಿ ತತ್ತಾ.”